ಮೂರನೇ ಖೋಲಿ

ಸುಭದ್ರಾಬಾಯಿ ಎರಡನೇ ಖೋಲಿಯಲ್ಲೇ ನಕ್ಕುಬಿಟ್ಟಳು.

"ಈಗಲ್ರಿ ಕಾಕು," ಇರಮ ಅವಳ ಮುಂಗೈ ಹಿಡಿದು ತಡೆದಳು. "ಇನ್ನೊಂದು ಖೋಲಿ ಉಳದದ. ನಗೂದು ಅಲ್ಲಿ."

"ಹಂಗಾದ್ರ ಈ ಮನಷ್ಯಾ ಇಲ್ಲ್ಯಾಕ ಹಿಂಗ ಕುಂಡ್ರಾಕತ್ತಾನ? ನಮ್ಮನಿಯವ್ರು ಮೊಣಕಾಲು ಹಿಡಕೊಂಡು ನೆಲಕ್ಕ ಇಳೀತಾರಲ್ಲ ಬೇ, ಬರೋಬ್ಬರಿ ಹಂಗ!"

"ಅದು ಮಜಾಕ್ ಅಲ್ರಿ. ಅದು ಬರೇ ತಯಾರಿ."

ಇಬ್ಬರ ನಡುವೆ ಚಾಪೆಯ ಮೇಲೆ ಬಿದ್ದಿದ್ದದ್ದು ಇಂಗ್ಲಿಷ್ ಪೇಪರಿನಿಂದ ಕತ್ತರಿಸಿದ ಅಂಗೈ ಉದ್ದದ ತುಂಡು. ಅದರಲ್ಲಿ ಸಾಲಾಗಿ ಮೂರು ಚೌಕ, ಚೌಕದೊಳಗೆ ಚಿತ್ರ, ಚಿತ್ರದ ತಲೆಯ ಮೇಲೆ ಮಾತು. ಮೊದಲ ದಿನ ಇರಮ ಆ ಚೌಕಗಳಿಗೆ 'ಪ್ಯಾನೆಲ್' ಅಂದಿದ್ದಳು. ಸುಭದ್ರಾಬಾಯಿಯ ಗಂಡ ಜಗದೇವಪ್ಪನದು ಚೌಡಾಪುರದ ರಸ್ತೆಗೆ ಪಂಪು, ಪೈಪು, ಸೋಲಾರ್ ಮಾರುವ ಅಂಗಡಿ. ಪ್ಯಾನೆಲ್ ಅಂದರೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕುವುದು ಎಂದು ಅವಳು ಎಷ್ಟು ಗಟ್ಟಿಯಾಗಿ ನಂಬಿದ್ದಳೆಂದರೆ ಇರಮಳೇ ಸೋತು, ಮನೆಯ ಕೋಣೆಗೆ ಅನ್ನುವ ಹಾಗೆ, 'ಖೋಲಿ' ಅಂದಳು. ಒಂದನೇ ಖೋಲಿ, ಎರಡನೇ ಖೋಲಿ, ಮೂರನೇ ಖೋಲಿ. ಮೊದಲೆರಡರಲ್ಲಿ ಮಾತು ಸೀದಾ ಹೋಗುತ್ತದೆ, ಮೂರನೆಯದರಲ್ಲಿ ಉಲ್ಟಾ ಆಗುತ್ತದೆ. ಉಲ್ಟಾ ಆದಾಗ ನಗಬೇಕು. ಇದು ಇರಮ ಹೇಳಿಕೊಟ್ಟ ನಿಯಮ.

ಒಂದನೇ ಖೋಲಿಯಲ್ಲಿ ಮನುಷ್ಯ ನಾಯಿಗೆ ಬೆರಳು ತೋರಿಸಿ 'ಸಿಟ್' ಅನ್ನುತ್ತಿದ್ದ. ಎರಡನೆಯದರಲ್ಲಿ ಹೇಗೆ ಕೂಡಬೇಕೆಂದು ತಾನೇ ಮೊಣಕಾಲು ಬಗ್ಗಿಸಿ ತೋರಿಸುತ್ತಿದ್ದ. ಮೂರನೆಯದರಲ್ಲಿ ನಾಯಿ ಕುರ್ಚಿಯ ಮೇಲೆ, ಮನುಷ್ಯ ನೆಲದ ಮೇಲೆ. ಮಾತಾಡುತ್ತಿದ್ದದ್ದು ನಾಯಿ.

"ಗುಡ್... ಬಾಯ್," ಸುಭದ್ರಾಬಾಯಿ ಬೆರಳಿಟ್ಟು ಓದಿದಳು. "ಒಳ್ಳೇ ಹುಡುಗ."

"ಶಾಬ್ಬಾಸ್! ಈಗ?"

"ಈಗೇನು? ನಾಯಿ ಅವನ್ನ ಹೊಗಳ್ಯಾದ. ಚಲೋ ಆತು ಬಿಡು."

"ಅಲ್ರಿ ಕಾಕು. ಇಂಗ್ಲಿಷ್ ಮಂದಿ ನಾಯಿ ಮಾತು ಕೇಳ್ತಂದ್ರ ಗುಡ್ ಬಾಯ್ ಅಂತಾರ. ಇಲ್ಲಿ ನಾಯೇ ಮಾಲಕಗ ಅಂದದ. ಅಂದ್ರ ನಾಯಿ ಆಗಿದ್ದು ಯಾರು?"

"ನಾಯಿಗೆ ಹುಡುಗ ಅಂತಾರೇನ?"

"ಅಂತಾರ್ರಿ."

"ಮತ್ತ ಹುಡುಗರಿಗೆ?"

ಅಡುಗೆಮನೆಯ ಹೊಸ್ತಿಲಲ್ಲಿ ಮೆಂತ್ಯೆ ಪಲ್ಲೆ ಸೋಸುತ್ತಿದ್ದ ಇರಮಳ ತಾಯಿ ಹಮೀದಾಬೇಗಂ ಕುತ್ತಿಗೆ ಚಾಚಿ ನೋಡಿದಳು. ನೋಡಿದ್ದೇ ಖೊಳ್ಳೆಂದು ನಕ್ಕಳು. ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ.

"ನಾಯಿ ಕುರ್ಚಿ ಮ್ಯಾಲ, ಮಾಲಕ ನೆಲದ ಮ್ಯಾಲ! ಇಷ್ಟೇ ತೋ ಅದ. ಇದಕ್ಕ ಓದೂದ್ಯಾಕ ಬೇಕ್ರೀ ಸುಭದ್ರಾಬಾಯಿ?"

"ನಿಮಗ ಓದಾಕ ಬರಂಗಿಲ್ಲ, ಅದಕ್ಕ ಲಗೂನ ನಗಿ ಬರ್ತದ," ಅಂದಳು ಸುಭದ್ರಾಬಾಯಿ. ಹೇಳಿದ್ದು ತಮಾಷೆಗೇ ಆದರೂ ದನಿಯಲ್ಲಿ ತುಸು ಹುಳಿ ಇತ್ತು.

ಅವಳು ಈ ಚಾಪೆಗೆ ಬಂದು ಕೂತದ್ದಕ್ಕೆ ಕಾರಣ ಕಲಬುರಗಿಯಲ್ಲಿ ನಡೆದ ಒಂದು ತೊಟ್ಟಿಲ ಕಾರ್ಯಕ್ರಮ. ಮಗಳು ಭಾಗ್ಯಜ್ಯೋತಿಯ ಕೂಸಿಗೆ ಹೆಸರಿಟ್ಟು, ಊಟವಾಗಿ, ಎಲೆ ಅಡಿಕೆ ತಿನ್ನುತ್ತ ಕೂತಾಗ ಅಳಿಯ ಅರುಣಕುಮಾರನ ಫೋನಿನ ಸುತ್ತ ನಾಲ್ಕಾರು ತಲೆ ಕೂಡಿದವು. ಯಾರೋ ಕಳಿಸಿದ ಇಂಗ್ಲಿಷ್ ಚಿತ್ರ. ಭಾಗ್ಯಜ್ಯೋತಿ ನಕ್ಕಳು, ಬೀಗತಿ ನಕ್ಕಳು, ಹತ್ತನೇ ತರಗತಿಯ ನಾದಿನಿಯೂ ನಕ್ಕಳು. ಎಲ್ಲರೂ ನಗುವಾಗ ಒಬ್ಬಳೇ ಸುಮ್ಮನಿರುವುದು ಹೇಗೆಂದು ಸುಭದ್ರಾಬಾಯಿಯೂ ನಕ್ಕಳು. ಸ್ವಲ್ಪ ಜೋರಾಗಿಯೇ ನಕ್ಕಳೇನೋ. ಅರುಣಕುಮಾರ ಪ್ರೀತಿಯಿಂದಲೇ ಕೇಳಿದ: "ಅತ್ತೀ, ನಿಮಗೂ ತಿಳೀತೇನ್ರಿ? ಏನದ ಹೇಳ್ರಿ ನೋಡೋಣು?" ಅವಳು ಸೆರಗು ಸರಿಮಾಡಿಕೊಂಡಳು. ಆಗ ಎದ್ದ ನಗು ಚಿತ್ರಕ್ಕೆ ಎದ್ದದ್ದಲ್ಲ.

ಅಳಿಯ ಕೆಟ್ಟವನಲ್ಲ. ತಪ್ಪು ಮಾಡಿದೆನೆಂದು ಅನ್ನಿಸಿ ಪಕ್ಕಕ್ಕೆ ಕೂತು ಚಿತ್ರವನ್ನು ಬಿಡಿಸಿ ಬಿಡಿಸಿ ಹೇಳಿದ. ಇದು ಬೆಕ್ಕು, ಇದು ಸೋಮವಾರ, ಸೋಮವಾರ ಆಫೀಸಿನವರಿಗೆ ಬೇಜಾರು, ಬೆಕ್ಕಿಗೆ ಆಫೀಸಿಲ್ಲ, ಆದರೂ ಬೇಜಾರು. ಅವಳು "ಹಾಂ, ಹಾಂ" ಅಂದಳು. ಎಲ್ಲ ತಿಳಿಯಿತು. ನಗು ಮಾತ್ರ ಬರಲಿಲ್ಲ. ಆರಿದ ಮಿರ್ಚಿ ಭಜಿ ತಿಂದ ಹಾಗಿತ್ತು. ಖಾರ ಇದೆ, ಎಣ್ಣೆ ಇದೆ, ಭಜಿ ಇಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅವಳು ಒಂದೇ ವಿಚಾರ ಮಾಡಿದಳು: ಒಂದು ಸಲ, ಒಂದೇ ಒಂದು ಸಲ, ಯಾರೂ ಹೇಳಿಕೊಡದೆ ತನಗೆ ತಾನೇ ನಗು ಬರಬೇಕು.

ಪಕ್ಕದ ಮನೆಯ ಇರಮ ಅಫಜಲಪುರದ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಶಾಲೆಗೆ ಬರುವ ಇಂಗ್ಲಿಷ್ ಪೇಪರು ಹಳತಾದ ಮೇಲೆ ಅವಳ ಕೈಚೀಲದಲ್ಲಿ ಮನೆಗೆ ಬರುತ್ತಿತ್ತು. "ನೆಲೋಗಿ ಸಾಲ್ಯಾಗ ಏಳನೇತ್ತಾ ತನಕ ಓದೀನಿ, ಎಬಿಸಿಡಿ ಎಲ್ಲಾ ಬರ್ತದ," ಎಂದು ಸುಭದ್ರಾಬಾಯಿ ತನ್ನ ವಿದ್ಯೆಯ ಲೆಕ್ಕ ಕೊಟ್ಟಾಗ ಇರಮ ಅರ್ಜಿ ಬರೆಯುವುದನ್ನೋ ಬ್ಯಾಂಕಿನ ಚೀಟಿ ತುಂಬುವುದನ್ನೋ ಕಲಿಸೋಣವೆಂದಳು. ಸುಭದ್ರಾಬಾಯಿ ತಲೆ ಅಲ್ಲಾಡಿಸಿದಳು.

"ಅವೆಲ್ಲಾ ನಮ್ಮನಿಯವ್ರು ಮಾಡ್ತಾರ. ನಂಗ ನಗೂ ಅಷ್ಟು ಇಂಗ್ಲಿಷ್ ಸಾಕು."

ಜಗದೇವಪ್ಪನಿಗೆ ಇದು ತಿಳಿದಾಗ ಅವನು ಊಟದ ತಟ್ಟೆಯಿಂದ ಕೈ ಎತ್ತಿ ಹೆಂಡತಿಯನ್ನೇ ನೋಡಿದ್ದ.

"ಮಂದಿ ಗಣಿತಕ್ಕ ಟೂಷನ್ ಹಚ್ಚತಾರ, ಸೈನ್ಸಿಗೆ ಹಚ್ಚತಾರ. ನೀ ನಗಾಕ ಟೂಷನ್ ಹಚ್ಚೀಯಲ್ಲ?"

"ಹೂಂ, ಹಚ್ಚೀನಿ. ನಿಮ್ಮ ಜೋಡಿ ಇಷ್ಟ ವರ್ಷ ಇದ್ದು ನಗೂದ ಮರ್ತೀನಿ."

ಅವನು ಅದಕ್ಕೇ ನಕ್ಕು, ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅಂದಿನಿಂದ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆಯುತ್ತ ಅವನು ತಪ್ಪದೆ ಕೇಳುತ್ತಿದ್ದ:

"ಇವತ್ತು ಬಂತೇನು?"

"ಇಲ್ಲ."

"ಬರ್ತದ ತಗೋ. ಮ್ಯಾಲಿಂದ ಕಟ್ ಮಾಡಿರಬೇಕು."

ಕರೆಂಟಿನ ಮಾತು ಆ ಮನೆಯಲ್ಲಿ ದಿನವೂ ಇರುವುದೇ. ತ್ರೀ ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ರೈತರು ಅಂಗಡಿಗೇ ಫೋನ್ ಮಾಡುತ್ತಿದ್ದರು, ಜಗದೇವಪ್ಪನೇ ಅದನ್ನು ಗಿರಾಕಿಗಳಿಗೆ ತೂಗಿ ಕೊಡುವವನ ಹಾಗೆ. ಅದಕ್ಕೇ ಇರಬೇಕು, ಒಂದು ದಿನ ಇರಮ ಮುಂದಿಟ್ಟ ತುಂಡನ್ನು ನೋಡಿ ಸುಭದ್ರಾಬಾಯಿಯ ಮುಖ ಅರಳಿತು. ಒಂದನೇ ಖೋಲಿಯಲ್ಲಿ ಒಬ್ಬ ತಲೆಗೆ ಕೈ ಹಚ್ಚಿ ಕೂತಿದ್ದ. ಎರಡನೆಯದರಲ್ಲೂ ಕೂತೇ ಇದ್ದ. ಮೂರನೆಯದರಲ್ಲಿ ಅವನ ತಲೆಯ ಮೇಲೆ ಬಲ್ಬು ಹತ್ತಿತ್ತು, ಅವನು ಎದ್ದು ಓಡುತ್ತಿದ್ದ.

"ತಿಳೀತು ತಿಳೀತು! ಕರೆಂಟ್ ಬಂತು! ಪಂಪ್ ಚಾಲೂ ಮಾಡಾಕ ಓಡಾಕತ್ತಾನ!"

ಇರಮ ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಲ್ರಿ ಕಾಕು... ಬಲ್ಬು ಅಂದ್ರ ಅವಗ ಏನೋ ಒಂದು ಐಡಿಯಾ ಹೊಳೀತು ಅಂತ."

"ಐಡಿಯಾ ಹೊಳೀಲಿಕ್ಕ ಕರೆಂಟ್ ಯಾಕ ಬೇಕು ಬೇಟಿ?" ಹಮೀದಾಬೇಗಂ ಒಳಗಿಂದ ಕೇಳಿದಳು. "ಹಂಗಾದ್ರ ನಮ್ಮ ಕಡಿ ಮಂದಿ ದಿನಕ್ಕ ಎಷ್ಟ ತಾಸು ಶಾಣ್ಯಾ ಇರಬೇಕು?"

ಆ ದಿನ ಮೂವರೂ ನಕ್ಕರು, ಬಹಳ ಹೊತ್ತು ನಕ್ಕರು. ಆದರೆ ಮನೆಗೆ ಬಂದ ಮೇಲೆ ಜಗದೇವಪ್ಪ ಕೇಳಿದಾಗ ಸುಭದ್ರಾಬಾಯಿ "ಇಲ್ಲ" ಅಂತಲೇ ಹೇಳಿದಳು. ನಕ್ಕದ್ದು ನಿಜ. ಆದರೆ ಅದು ಹಮೀದಾಬೇಗಂ ಕೊಟ್ಟ ನಗು, ಕಾಗದ ಕೊಟ್ಟದ್ದಲ್ಲ. ಇದರಲ್ಲಿ ಅವಳು ಬಹಳ ಕಟ್ಟುನಿಟ್ಟು. ಬಲ್ಬಿನ ಕಥೆ ಕೇಳಿ ಜಗದೇವಪ್ಪ ಮಾತ್ರ ಗಂಭೀರವಾಗಿ ಹೆಂಡತಿಯ ಪಕ್ಷ ಹಿಡಿದ. "ಬಲ್ಬು ಹತ್ತಿತು, ಮನಷ್ಯಾ ಓಡಿದ. ಅದು ಕರೆಂಟೇ. ಆ ಟೀಚರಮ್ಮಗ ಹೊಲ ಇಲ್ಲ, ಅದಕ್ಕ ಗೊತ್ತಾಗಿಲ್ಲ."

ಹೀಗೆ ಚಳಿಗಾಲ ಕಳೆಯಿತು. ಹವಳಗಾದ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ರಸ್ತೆಯಲ್ಲಿ ಕಡಿಮೆಯಾದವು. ಸುಭದ್ರಾಬಾಯಿಗೆ ಈಗ ಅಕ್ಷರ ಕೂಡಿಸಲು ತಡವಾಗುತ್ತಿರಲಿಲ್ಲ. ಎ ಮುಂದೆ ವೈ ಬಂದರೆ ಬಾಯಿ ಎಷ್ಟು ತೆರೆಯಬೇಕು, ಕೆ ಮುಂದೆ ಎನ್ ಬಂದರೆ ಕೆ ಯಾಕೆ ಸುಮ್ಮನಿರುತ್ತದೆ, ಎಲ್ಲ ಗೊತ್ತಾಗಿತ್ತು. ಬಿಸ್ಕೀಟಿನ ಪ್ಯಾಕೆಟ್ಟು, ಬಸ್ಸಿನ ಹಿಂಭಾಗ, ಗಂಡನ ಅಂಗಡಿಯ ಮೋಟಾರಿನ ಡಬ್ಬಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದಳು. ಖೋಲಿಗಳ ಮಾತೂ ಒಂದೊಂದಾಗಿ ತಿಳಿಯುತ್ತಿತ್ತು. ಆದರೆ ಪ್ರತಿ ಸಲವೂ ಮೂರನೆಯದರ ಬಾಗಿಲಲ್ಲಿ ಇರಮ ನಿಂತಿರುತ್ತಿದ್ದಳು. "ಹೇಳ್ಲೇನ್ರಿ?" ಅನ್ನುತ್ತಿದ್ದಳು. ಸುಭದ್ರಾಬಾಯಿ ಚಿತ್ರವನ್ನು ಇನ್ನೊಮ್ಮೆ ನೋಡಿ, "ಹೇಳವ್ವಾ" ಅನ್ನುತ್ತಿದ್ದಳು. ಇರಮ ಹೇಳುತ್ತಿದ್ದಳು. "ಹಾಂ, ತಿಳೀತು," ಅನ್ನುತ್ತಿದ್ದಳು ಸುಭದ್ರಾಬಾಯಿ.

ಅಷ್ಟರಲ್ಲಿ ಇರಮಳ ಮದುವೆ ಗೊತ್ತಾಯಿತು. ಹುಡುಗ ಆಳಂದದ ಜಮೀರ, ಸಿಮೆಂಟಿನ ವ್ಯಾಪಾರ. ಸುದ್ದಿ ಹೇಳಲು ಹಮೀದಾಬೇಗಂ ಸಕ್ಕರೆಯ ತಟ್ಟೆ ಹಿಡಿದು ಬಂದಾಗ ಸುಭದ್ರಾಬಾಯಿ ಖುಷಿಯಿಂದಲೇ ಬಾಯಿಗೆ ಹಾಕಿಕೊಂಡಳು. ಅದು ಕರಗುವುದರೊಳಗೆ ಮನಸ್ಸಿಗೆ ಬಂದದ್ದು ಮಾತ್ರ ಬೇರೆ: ಹಾಗಾದರೆ ಇನ್ನು ಎಷ್ಟು ಖೋಲಿ ಉಳಿದವು? ಹುಡುಗಿ ಗಂಡನ ಮನೆಗೆ ಹೋಗುವುದರೊಳಗೆ ತಾನು ಒಮ್ಮೆ ನಗದೇ ಹೋದರೆ? ಕಲಿಸಿದವಳ ಎದುರಿಗೇ ನಗಬೇಕು. ಆಮೇಲೆ ನಕ್ಕು ಏನು ಪ್ರಯೋಜನ? ಹೋಗಿ ಯಾರಿಗೆ ತೋರಿಸುವುದು?

ಮದುವೆಯ ಹಿಂದಿನ ಗುರುವಾರ ಮೆಹಂದಿ. ಸುಭದ್ರಾಬಾಯಿ ಶೇಂಗಾ ಹೋಳಿಗೆ ಮಾಡಿ, ಡಬ್ಬಿಗೆ ತುಂಬಿ, ಮಧ್ಯಾಹ್ನ ಪಕ್ಕದ ಮನೆಗೆ ಹೋದಳು. ಅಂಗಳದಲ್ಲಿ ಶಾಮಿಯಾನದ ಬಿದಿರು ಬಂದು ಬಿದ್ದಿದ್ದವು. ಒಳಗೆ ನಡುಮನೆಯಲ್ಲಿ ಇರಮ ಗೋಡೆಗೆ ಒರಗಿ, ಎರಡು ಕೈಯನ್ನೂ ಮುಂದೆ ಚಾಚಿ, ಕಾಲು ನೀಡಿ ಕೂತಿದ್ದಳು. ಜೇವರ್ಗಿಯಿಂದ ಬಂದ ಚಿಕ್ಕಮ್ಮನ ಮಗಳು ಅಫ್ರೀನ ಮೆಹಂದಿಯ ಕೋನು ಹಿಡಿದು ಪಾದದ ಮೇಲೆ ಬಳ್ಳಿ ಬಿಡಿಸುತ್ತಿದ್ದಳು. ಮೊಣಕೈಯವರೆಗೆ ಆಗಲೇ ಹಸಿ ಹಸಿರು. ನೆಲದ ಫರಸಿಗೆ ಕಲೆ ಹತ್ತಬಾರದೆಂದು ಸುತ್ತಲೂ ಹಳೆಯ ಪೇಪರು ಹಾಸಿದ್ದರು.

"ಬರ್ರಿ ಕಾಕು! ನೋಡ್ರಿ ನನ್ನ ಹಾಲತ್. ಮೂಗು ತುರಿಸಾಕತ್ತದ, ಯಾರನ್ನ ಕರೀಲಿ ಅಂತ ನೋಡಾಕತ್ತಿದ್ದೆ."

ಸುಭದ್ರಾಬಾಯಿ ಅವಳ ಮೂಗು ತುರಿಸಿದಳು. ಎಡಕ್ಕೆ, ಇನ್ನೂ ಎಡಕ್ಕೆ, ಹಾಂ ಅಲ್ಲೇ. ಆಮೇಲೆ ಡಬ್ಬಿ ತೆರೆದು ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ಅವಳ ಬಾಯಿಗಿಟ್ಟಳು.

"ಎಲ್ಲಾ ಇವತ್ತೇ ತಿನಸಬ್ಯಾಡ್ರಿ," ಅಂದಳು ಅಫ್ರೀನ, ತಲೆ ಎತ್ತದೆ. "ಮದವಿಗೆ ಹೊಲಿಸಿದ ಲಾಚಾ ಬಿಗಿ ಆಗ್ತದ. ಆಮ್ಯಾಲ ದರ್ಜಿ ನನ್ನ ಬೈತಾನ."

"ಆಳಂದಕ್ಕ ಹೋದ ಮ್ಯಾಲ ಇಕಿಗೆ ಹೋಳಿಗಿ ಯಾರು ಮಾಡಿ ಹಾಕ್ತಾರ? ತಿನ್ನಲಿ ಬಿಡು."

ಇರಮ ಬಾಯಿ ತುಂಬಿಕೊಂಡೇ ಮಾತಾಡಿದಳು. "ಕಾಕು, ಇವತ್ತು ಕ್ಲಾಸ್ ಇಲ್ರಿ. ಕತ್ತರಿಸಿ ಇಟ್ಟಿದ್ದೆ, ಈ ಗದ್ದಲದಾಗ ಎಲ್ಲಿ ಹೋದ್ವೋ. ಆದ್ರ ನೀವೇನು ಫಿಕರ್ ಮಾಡಬ್ಯಾಡ್ರಿ. ಆಳಂದದಿಂದ ದಿನಾ ಒಂದು ಫೋಟೋ ಕಳಸ್ತೇನಿ. ಕೆಳಗ ಕನ್ನಡದಾಗ ಅರ್ಥನೂ ಬರದು ಕಳಸ್ತೇನಿ."

"ಹೂಂ," ಅಂದಳು ಸುಭದ್ರಾಬಾಯಿ. ಡಬ್ಬಿಯ ಮುಚ್ಚಳ ಹಾಕಿದಳು. ಇಷ್ಟು ದಿನ ಕೂತದ್ದಕ್ಕೆ ಒಂದು ಮುಕ್ತಾಯ ಇರುತ್ತದೆ ಎಂದುಕೊಂಡಿದ್ದಳು, ಅದು ಹೀಗೆ, ಕಾಗದ ಸಿಗದೆ, ಮುಗಿಯುತ್ತದೆ ಎಂದುಕೊಂಡಿರಲಿಲ್ಲ. ಏಳಲೆಂದು ನೆಲಕ್ಕೆ ಕೈ ಊರಿದಳು. ಕೈಕೆಳಗಿನ ಪೇಪರು ಸರಿಯಿತು. ಅಲ್ಲಿ, ಬಂಗಾರದ ದರಕ್ಕೂ ಯಾವುದೋ ಕ್ರಿಕೆಟ್ಟಿನ ಫೋಟೋಕ್ಕೂ ನಡುವೆ, ಮೂರು ಖೋಲಿ ಇದ್ದವು.

ಕತ್ತರಿಸದ ಖೋಲಿಗಳು. ಇರಮ ಆರಿಸಿದ್ದಲ್ಲ. ಇರಮಳ ಕಡೆಯಿಂದ ನೋಡಿದರೆ ತಲೆಕೆಳಗಾಗಿದ್ದವು ಕೂಡ.

ಸುಭದ್ರಾಬಾಯಿ ಮತ್ತೆ ಕೂತಳು. ಒಂದನೇ ಖೋಲಿಯಲ್ಲಿ ಹುಲ್ಲಿನ ಟೊಪ್ಪಿಗೆ ಹಾಕಿದ ಒಬ್ಬ ರೈತ, ಕೈಯಲ್ಲಿ ಮೊಟ್ಟೆ ತುಂಬುವ ಬರಿದು ಬುಟ್ಟಿ. ಎದುರಿಗೆ ಒಂದು ಕೋಳಿ. ಅವನ ಬಾಯಿ ದೊಡ್ಡದಾಗಿ ತೆರೆದಿತ್ತು, ತಲೆಯ ಮೇಲೆ ಒಂದೇ ಒಂದು ಮಾತು. ಎಲ್, ಎ, ವೈ. ಅವಳು ತುಟಿಯಲ್ಲೇ ಕೂಡಿಸಿದಳು. ಎ ಮುಂದೆ ವೈ. ಡೇ, ಪ್ಲೇ, ಮೇ.

ಲೇ.

ಎರಡನೇ ಖೋಲಿಯಲ್ಲಿ ಅದೇ ಮಾತು, ಅಕ್ಷರ ಮಾತ್ರ ಇನ್ನೂ ದೊಡ್ಡವು. ರೈತನ ಕುತ್ತಿಗೆಯ ನರ ಉಬ್ಬಿದ್ದವು. ಲೇ! ಕೋಳಿ ಹಿಂದೆ ತಿರುಗಿ ನೋಡುತ್ತಿತ್ತು. ಹಿಂದೆ ಬೇಲಿಯ ಮೇಲೆ ಒಂದು ಹುಂಜ ತನ್ನ ಪಾಡಿಗೆ ತಾನು ನಿಂತಿತ್ತು.

ಮೂರನೇ ಖೋಲಿಯಲ್ಲಿ ಕೋಳಿ ಹುಲ್ಲಿನ ಮೇಲೆ ಅಂಗಾತ ಮಲಗಿ, ಕೊರಳತನಕ ಚಾದರ ಹೊದ್ದು, ಗೊರಕೆ ಹೊಡೆಯುತ್ತಿತ್ತು. ರೈತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

ಮೊದಲು ಸುಭದ್ರಾಬಾಯಿಯ ಭುಜ ಅಲುಗಿತು. ಏನಾಗುತ್ತಿದೆ ಎಂದು ಅವಳಿಗೇ ಗೊತ್ತಾಗುವ ಮೊದಲು ನಗು ಮೂಗಿನಿಂದ ಹೊರಬಿತ್ತು, ಬಾಯಿಂದ ಹೊರಬಿತ್ತು, ಕಣ್ಣಲ್ಲಿ ನೀರಾಗಿ ನಿಂತಿತು. ತಡೆಯಲು ನೋಡಿದಳು, ಕೋಳಿಯ ಚಾದರ ಕಣ್ಣಿಗೆ ಬಿತ್ತು, ಮತ್ತೆ ಶುರುವಾಯಿತು.

"ಏನಾತ್ರಿ ಕಾಕು? ಕಾಕು?" ಇರಮ ಕೈ ಚಾಚಿಕೊಂಡೇ ಮುಂದಕ್ಕೆ ಬಾಗಿದಳು. "ಅಮ್ಮೀ, ಜರಾ ಬಾ ಇಲ್ಲಿ!"

ಹಮೀದಾಬೇಗಂ ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. "ಅರೇ, ಸುಭದ್ರಾಬಾಯಿ, ಅಳಾಕತ್ತೀರೋ ನಗಾಕತ್ತೀರೋ?"

"ನೋಡ್ರಿ... ನೋಡ್ರಿ ಇವನ್ನ," ಸುಭದ್ರಾಬಾಯಿ ಬೆರಳಿಟ್ಟು ತೋರಿಸಿದಳು. ಮಾತು ನಗುವಿನ ನಡುವೆ ತುಂಡು ತುಂಡಾಗಿ ಬಂತು. "ಹೆಣ್ಣು ಕೋಳಿ ಮುಂದ ನಿಂತು... ಲೇ ಅನ್ನಾಕತ್ತಾನ. ಲೇ! ಹೆಣ್ಣಿಗೆ ಲೇ ಅಂತಾರೇನ್ರಿ? ಬೇ ಅನಬೇಕಿಲ್ಲೋ? ಅದು ಪಾಪ ಹಿಂದಕ್ಕ ಹೊಳ್ಳಿ ನೋಡ್ಯಾದ. ಹುಂಜಗ ಕರ್ಯಾಕತ್ತಾನ, ನನಗಲ್ಲ ತಗೋ ಅಂತ... ಚಾದರ ಹೊತ್ಕೊಂಡು ಮಲಗಿಬಿಟ್ಟದ!"

ಹಮೀದಾಬೇಗಂ ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡಳು. "ಹಾಯ್ ಅಲ್ಲಾ! ಖರೇ ಅದ! ನಮ್ಮವರು ಮೊನ್ನೆ ನನಗ ಸಿಟ್ಟಿನಾಗ 'ಏ ಲೇ' ಅಂದ್ರ, ನಾನೂ ಹಿಂಗೇ ಹಿಂದಕ್ಕ ನೋಡ್ದೆ!" ಅವಳ ಹಣೆಯ ಮೇಲೆ ಐದು ಬೆರಳಿನ ಹಿಟ್ಟು ಮೂಡಿತು. ಅದನ್ನು ನೋಡಿ ಅಫ್ರೀನ ನಕ್ಕಳು. ಕೋನು ಜಾರಿ ಇರಮಳ ಪಾದದ ಬಳ್ಳಿ ಹೆಬ್ಬೆರಳು ದಾಟಿ ಪೇಪರಿನವರೆಗೆ ಹರಿಯಿತು.

"ಅಫ್ರೀನ! ನನ್ನ ಪಾದ!"

"ಇರಲಿ ಬಿಡು ಆಪಾ, ಅಲ್ಲೊಂದು ಹೂ ಹಾಕ್ತೇನಿ. ಆ ಕೋಳಿ ನೋಡು ಮೊದಲ!"

ಇರಮ ಮಾತ್ರ ಇನ್ನೂ ನಕ್ಕಿರಲಿಲ್ಲ. ಕತ್ತು ಓರೆ ಮಾಡಿ, ತಲೆಕೆಳಗಾದ ಖೋಲಿಗಳನ್ನು ತನ್ನ ಕಡೆಯಿಂದ ಓದುತ್ತಿದ್ದಳು. ಹುಬ್ಬು ಗಂಟಾಗಿತ್ತು. ಮಕ್ಕಳ ಉತ್ತರ ಪತ್ರಿಕೆ ನೋಡುವಾಗಿನ ಮುಖ ಅದು. ಒಂದನೆಯದನ್ನು ನೋಡಿದಳು, ಎರಡನೆಯದನ್ನು, ಮೂರನೆಯದನ್ನು. ಮತ್ತೆ ಒಂದಕ್ಕೆ ಹೋದಳು. ಈ ಸಲ ಸುಭದ್ರಾಬಾಯಿ ಓದಿದ ಹಾಗೆ ಓದಿದಳೇನೋ, ಗಂಟು ಸಡಿಲಾಯಿತು, ಹಸಿ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡೇ ಅವಳು ಗೋಡೆಗೆ ಒರಗಿ ಒರಗಿ ನಕ್ಕಳು. ಕಣ್ಣೊರೆಸಿಕೊಳ್ಳಲು ಕೈಯಿರಲಿಲ್ಲ. ಸುಭದ್ರಾಬಾಯಿ ತನ್ನ ಸೆರಗಿನ ತುದಿಯಿಂದ ಅವಳ ಕಣ್ಣು ಒರೆಸಿದಳು, ಅದೇ ತುದಿಯಿಂದ ತನ್ನದನ್ನೂ.

"ನಾನು ಹೇಳ್ಲಿಲ್ಲ ನೋಡ್ರಿ ಕಾಕು," ಅಂದಳು ಇರಮ, ಉಸಿರು ಹಿಡಿಯುತ್ತ.

"ನೀ ಹೇಳ್ಲಿಲ್ಲ."

"ಯಾರೂ ಹೇಳ್ಲಿಲ್ಲ."

"ಯಾರೂ ಹೇಳ್ಲಿಲ್ಲ ಬೇ. ನನಗ ನಾನೇ ಬಂತು."

ಹಮೀದಾಬೇಗಂ ಹಿಟ್ಟು ಒಣಗುತ್ತದೆಂದು ಒಳಗೆ ಹೋದಳು. ಅಲ್ಲಿಂದಲೂ ಅವಳು ನಗುವುದು ಕೇಳುತ್ತಿತ್ತು. ಅಫ್ರೀನ ಜಾರಿದ ಗೆರೆಯ ತುದಿಗೆ ಎಸಳು ಹಚ್ಚತೊಡಗಿದಳು. ಹೊರಗೆ ಗಾಣಗಾಪುರದ ಕಡೆ ಹೋಗುವ ಬಸ್ಸು ಹಾರನ್ ಹೊಡೆದು ಹೋಯಿತು. ಸುಭದ್ರಾಬಾಯಿ ಪೇಪರಿನ ಆ ಮೂಲೆಯನ್ನು ಅಂಗೈಯಿಂದ ಸವರಿ ಸವರಿ ಸುಕ್ಕು ತೆಗೆಯುತ್ತಿದ್ದಳು.

ಇರಮ ಅವಳನ್ನೇ ನೋಡಿದಳು, ಆಮೇಲೆ ಕೋಳಿಯನ್ನು ನೋಡಿದಳು. ಅವಳೊಳಗಿನ ಟೀಚರು ಸುಮ್ಮನಿರಲಿಲ್ಲ.

"ಕಾಕು," ಅಂದಳು ಮೆಲ್ಲಗೆ. "ಆ ಶಬ್ದಕ್ಕ ಇಂಗ್ಲಿಷಿನ್ಯಾಗ ಬ್ಯಾರೇನೇ ಅರ್ಥ ಅದರಿ. ಅದೂ ಮಜಾ ಅದ. ಹೇಳ್ಲೇನ್ರಿ?"

"ಬ್ಯಾಡ," ಅಂದಳು ಸುಭದ್ರಾಬಾಯಿ.